ಫೆಬ್ರವರಿ ಹನ್ನೊಂದರಂದು ನಮ್ಮೂರಲ್ಲಿ ಹೊಗೆ ಏಕೆ ಇರಲಿಲ್ಲ

ನಿರ್ಜನ ಭೂಮಿ ವಿಭಾಗದ ಮಾನ್ಯ ನಿರ್ದೇಶಕರೇ,

ನಮ್ಮ ಊರು ಇಲ್ಲ ಎಂದು ತಾವು ಆದೇಶ ಹೊರಡಿಸಿದ್ದೀರಿ. ಇಲ್ಲದ ಊರಿಗೆ ಬೆಟ್ಟ ಯಾಕೆ ಎಂದುಕೊಂಡು, ನಮ್ಮ ಬೆಟ್ಟವನ್ನು ಕಲ್ಲು ಕ್ವಾರಿಯವರಿಗೆ ಮೂವತ್ತು ವರ್ಷದ ಗುತ್ತಿಗೆಗೆ ಕೊಟ್ಟಿದ್ದೀರಿ. ಗಲೀಸಿಯಾದ ಈ ಮೂಲೆಯಲ್ಲಿ, ರೆಗೊಬೆಲ್ಯೊ ಎಂಬ ಹದಿನೇಳು ಮನೆಗಳ ಊರಿನಲ್ಲಿ, ಅಡುಗೆಮನೆಯ ಮೇಜಿನ ಮುಂದೆ ಕೂತು ನಾನು ಈ ಪತ್ರ ಬರೆಯುತ್ತಿದ್ದೇನೆ. ಪಕ್ಕದಲ್ಲೇ ಒಲೆಯ ಮೇಲೆ ಸೊಪ್ಪು, ಆಲೂಗಡ್ಡೆಯ ಸಾರು ಕುದಿಯುತ್ತಿದೆ. ತಮ್ಮ ಕಡತದ ಪ್ರಕಾರ ಒಲೆ, ಸಾರು, ನಾನು, ಮೂವರೂ ಇಲ್ಲ.

ಪತ್ರಿಕೆಯ ಮೂಲಕ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮಗೆ ನೇರವಾಗಿಯೇ ನಾಲ್ಕು ಪತ್ರ ಬರೆದೆ. ಮೂರಕ್ಕೆ ಉತ್ತರ ಬರಲಿಲ್ಲ. ನಾಲ್ಕನೆಯದಕ್ಕೆ ಕಳೆದ ವಾರ ಬಂತು: ‘ನಿರ್ಜನವೆಂದು ಘೋಷಿತವಾದ ಗ್ರಾಮದ ನಿವಾಸಿಗಳ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.’ ಆ ಉತ್ತರವನ್ನು ಅಂಚೆಯವಳು ನಮ್ಮ ಮನೆಯ ಬಾಗಿಲಿಗೇ ತಂದು, ನನ್ನ ಕೈಯಲ್ಲಿ ರುಜು ಹಾಕಿಸಿಕೊಂಡು ಕೊಟ್ಟು ಹೋದಳು. ಸರ್ಕಾರದ ಒಂದು ಕೈಗೆ ನಾನಿರುವುದು ಗೊತ್ತು, ಇನ್ನೊಂದು ಕೈಗೆ ಗೊತ್ತಿಲ್ಲ.

ನಾನು ಈ ಊರಿನ ಬೆಟ್ಟದ ಸಭೆಯ ಕಾರ್ಯದರ್ಶಿ. ಹತ್ತೊಂಬತ್ತು ವರ್ಷದಿಂದ. ಅದಕ್ಕೂ ಮುಂಚೆ, ಇಲ್ಲಿ ಶಾಲೆ ಇದ್ದಷ್ಟು ದಿನ, ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದೆ. ಕಾನೂನು ಓದಿದವಳಲ್ಲ. ಆದರೆ ಬೆಟ್ಟ ಯಾರದು ಎನ್ನುವುದು ನಮ್ಮೂರಿನ ಕತ್ತೆಗೂ ಗೊತ್ತಿರುವ ವಿಷಯ. ಅದು ಸರ್ಕಾರದ್ದಲ್ಲ, ಯಾರೊಬ್ಬರ ಸ್ವಂತದ್ದೂ ಅಲ್ಲ, ಮಾರುವಂತಿಲ್ಲ, ಪಾಲು ಮಾಡುವಂತಿಲ್ಲ, ಮಕ್ಕಳಿಗೆ ಬರೆದುಕೊಡುವಂತಿಲ್ಲ. ಯಾರ ಮನೆಯ ಬಾಗಿಲು ತೆರೆದಿರುತ್ತದೋ, ಯಾರ ಮನೆಯ ಮೇಲೆ ಹೊಗೆಯಾಡುತ್ತದೋ, ಬೆಟ್ಟ ಅವರೆಲ್ಲರದು. ಹೊಗೆ ನಿಂತ ದಿನ ಹಕ್ಕೂ ನಿಂತಿತು. ತಮ್ಮ ನಿಯಮಾವಳಿಯೂ ನಮ್ಮ ಅಜ್ಜಂದಿರ ಬಾಯಿಂದ ಈ ಮಾತನ್ನೇ ಎತ್ತಿಕೊಂಡು, ಒಂದು ಸಂಖ್ಯೆ ಸೇರಿಸಿದೆ: ಬಾಗಿಲು ತೆರೆದ, ಹೊಗೆಯಾಡುವ ಮನೆಗಳು ಹತ್ತಾದರೂ ಇರಬೇಕು. ನಮ್ಮಲ್ಲಿ ಹದಿನೇಳಿದ್ದವು, ಈಗಲೂ ಇವೆ.

ಈ ನಿಯಮವನ್ನು ನಾವು ಬಾಯಿಮಾತಿಗೆ ಇಟ್ಟುಕೊಂಡಿಲ್ಲ. ನನ್ನ ಒಡಹುಟ್ಟಿದ ತಮ್ಮ ಎವರಿಸ್ತೊ ಸ್ವಿಟ್ಜರ್ಲೆಂಡಿನಲ್ಲಿ ದುಡಿದು ಊರಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿದ. ಆಗಸ್ಟ್‌ನಲ್ಲಿ ಹದಿನೈದು ದಿನ ಬಂದು ಹೋಗುತ್ತಾನೆ, ಉಳಿದಂತೆ ಬೀಗ. ಸಭೆಯ ಪಟ್ಟಿಯಿಂದ ಅವನ ಹೆಸರನ್ನು ಹೊಡೆದು ಹಾಕಿದ್ದು ನಾನೇ.

“ನೀನು ನನ್ನ ಅಕ್ಕನಾ, ಇಲ್ಲಾ ಪೊಲೀಸಾ?” ಅಂತ ಫೋನಿನಲ್ಲಿ ಕೂಗಾಡಿದ.

“ಬಂದು ಒಲೆ ಹಚ್ಚು, ಅವತ್ತೇ ಹೆಸರು ಬರೀತೀನಿ” ಅಂದೆ.

ಎರಡು ವರ್ಷ ನನ್ನೊಡನೆ ಮಾತು ಬಿಟ್ಟಿದ್ದ. ಇನ್ನೊಂದು ಕಡೆ, ಜರ್ಮನಿಯಿಂದ ಬಂದು ಇಲ್ಲಿ ಮಡಕೆ ಮಾಡಿಕೊಂಡಿರುವ ಗುದ್ರುನ್ ಇದ್ದಾಳೆ. ಮೈತುಂಬ ಹಚ್ಚೆ. ಒಂಬತ್ತು ವರ್ಷವಾದರೂ ನಮ್ಮ ಭಾಷೆ ಅವಳ ನಾಲಿಗೆಗೆ ಹತ್ತಿಲ್ಲ. ಅವಳಿಗೆ ಸಭೆಯಲ್ಲಿ ಓಟಿದೆ, ಸೌದೆಯಲ್ಲಿ ಪಾಲಿದೆ. ಅವಳ ಹೆಸರು ಸೇರಿಸುವ ದಿನ ಯಾರೋ ಗೊಣಗಿದಾಗ ನಮ್ಮ ಪಕ್ಕದ ಮನೆಯ ದೆಲ್ಮೀರೊ ಎದ್ದು ನಿಂತು, “ಅವಳಿಗೆ ನಮ್ಮ ಭಾಷೆ ಬರಲ್ಲ ಸರಿ. ಅವಳ ಹೊಗೆಗೆ ಬರುತ್ತಲ್ಲ, ಸಾಕು ಬಿಡಿ” ಅಂದ. ಎಲ್ಲರೂ ನಕ್ಕರು, ನಾನು ಹೆಸರು ಬರೆದುಕೊಂಡೆ. ‘ಸಾಮೂಹಿಕ ಅಸ್ಮಿತೆ’ ಎಂಬ ವಿಷಯದ ಮೇಲೆ ತಮ್ಮ ವಿಭಾಗದವರು ನಗರದಲ್ಲಿ ಎರಡು ದಿನದ ವಿಚಾರ ಸಂಕಿರಣ ಮಾಡಿದರೆಂದು ಪತ್ರಿಕೆಯಲ್ಲಿ ಓದಿದೆ. ಸಂತೋಷ. ನಮ್ಮನ್ನು ಕರೆದಿದ್ದರೆ ಐದು ನಿಮಿಷದಲ್ಲಿ ಮುಗಿಸಿ ಊಟಕ್ಕೆ ಏಳಬಹುದಿತ್ತು. ರಕ್ತ ಅಲ್ಲ, ಹುಟ್ಟಿದ ಊರಲ್ಲ, ಭಾಷೆಯೂ ಅಲ್ಲ. ಇಲ್ಲಿ ಚಳಿಗಾಲ ಕಳೆದವರು ನಮ್ಮವರು.

ಮೂರು ವರ್ಷದ ಹಿಂದೆ ಕ್ವಾರಿಯ ಸುದ್ದಿ ಬಂದಾಗ ನಮ್ಮ ಹೋರಾಟ ಶುರುವಾದದ್ದು ಹೀಗೆಯೇ. ಯಾರೂ ಭಾಷಣ ಮಾಡಲಿಲ್ಲ. ಬೆಟ್ಟದ ನೆತ್ತಿಯಲ್ಲಿ ಊಟೆಯಿದೆ, ನಮ್ಮ ಹದಿನೇಳು ಮನೆಗೂ ನೀರು ಬರುವುದು ಅಲ್ಲಿಂದಲೇ. ನೆತ್ತಿ ಒಡೆದರೆ ನೀರು ಹೋಯಿತು, ನೀರು ಹೋದರೆ ಊರು ಹೋಯಿತು. ಇಷ್ಟು ತಿಳಿಯಲು ಯಾರ ಉಪದೇಶ ಬೇಕು? ಸುತ್ತಲಿನ ಊರುಗಳವರೂ ಸೇರಿ, ಮಡಕೆಗಳಲ್ಲಿ ಕೆಂಡ ಹಾಕಿ ಮೇಲೆ ಹಸಿ ಎಲೆ ಮುಚ್ಚಿ, ಹೊಗೆ ಕಾರುವ ಮಡಕೆಗಳನ್ನು ಎತ್ತಿಕೊಂಡು ತಮ್ಮ ಕಚೇರಿಯ ಮುಂದೆ ಬಂದು ನಿಂತೆವು. ಘೋಷಣೆ ಕೂಗಲಿಲ್ಲ, ಸುಮ್ಮನೆ ಹೊಗೆ ಬಿಟ್ಟುಕೊಂಡು ನಿಂತೆವು. ತಮ್ಮ ಕಾವಲುಗಾರ ಗಾಬರಿಬಿದ್ದು ಬೆಂಕಿ ಆರಿಸುವ ನೊರೆಯನ್ನು ನಮ್ಮ ಮೇಲೆಲ್ಲ ಹೊಡೆದ. ದೆಲ್ಮೀರೊನ ಮೀಸೆ ಬೆಳ್ಳಗಾಯಿತು. ವರದಿಗಾರ್ತಿಯೊಬ್ಬಳು ಬಂದು, “ನಿಮ್ಮ ನಾಯಕರು ಯಾರು?” ಅಂದಾಗ ಅವನು ಮೀಸೆ ಒರೆಸಿಕೊಳ್ಳುತ್ತ, “ನಾಯಕರು ಯಾರೂ ಇಲ್ಲಮ್ಮ, ಒಲೆಗಳಿವೆ. ಬೇಕಾದ್ರೆ ಎಣಿಸ್ಕೋ” ಅಂದ.

ಎಣಿಸುವ ಯೋಚನೆ ತಮಗೆ ಬಂದದ್ದು ಆ ಮಾತಿನಿಂದಲೇ ಇರಬಹುದೇ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಈ ವರ್ಷದ ಜನವರಿಯಲ್ಲಿ ತಮ್ಮಿಂದ ನೋಟಿಸು ಬಂತು: ಫೆಬ್ರವರಿಯ ಮೊದಲರ್ಧದಲ್ಲಿ, ಯಾವ ದಿನವಾದರೂ, ವಾಸವಿರುವ ಮನೆಗಳ ಪರಿಶೀಲನೆ. ನಮಗೆ ಹೆದರಿಕೆಯೇ ಆಗಲಿಲ್ಲ. ಗಲೀಸಿಯಾದ ಬೆಟ್ಟದ ಮೇಲೆ ಫೆಬ್ರವರಿಯಲ್ಲಿ ಒಲೆ ಹಚ್ಚದ ಮನೆ ಎಲ್ಲಿದೆ? ದೆಲ್ಮೀರೊ ಮನೆಮನೆಗೆ ಹೋಗಿ, “ಒಂದಿಷ್ಟು ಹಸಿ ಸೌದೆ ಹಾಕ್ರಪ್ಪ. ಬರೋನು ದಾರೀಲೇ ಕೆಮ್ಮಬೇಕು” ಎಂದು ಹೇಳಿ ಬಂದ. ಹತ್ತು ದಿನ ಊರಿಗೆ ಊರೇ ಹೊಗೆಯಲ್ಲಿ ಮುಳುಗಿತ್ತು. ಒಣಹಾಕಿದ ಬಟ್ಟೆಯೆಲ್ಲ ಹೊಗೆಗೆ ಕಟ್ಟಿದ ಹಂದಿಮಾಂಸದ ಹಾಗೆ ನಾರತೊಡಗಿತು. ಯಾರೂ ಬರಲಿಲ್ಲ. ಹನ್ನೊಂದನೆಯ ದಿನ ಬೆಳಗ್ಗೆ ಶೆನೆರೋಸಾ ಅಜ್ಜಿ ತೀರಿಕೊಂಡಳು. ತೊಂಬತ್ತಮೂರು ವರ್ಷ.

ಈಗ ನಮ್ಮೂರಿನ ಪದ್ಧತಿ ಹೇಳಬೇಕು. ತಮ್ಮ ಕಡತದಲ್ಲಿ ಇದಕ್ಕೆ ಪುಟವಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ. ಊರಲ್ಲಿ ಸಾವಾದರೆ ಎಲ್ಲ ಮನೆಯ ಒಲೆಯನ್ನೂ ಆರಿಸುತ್ತೇವೆ. ಎಲ್ಲರೂ ತಂತಮ್ಮ ಮನೆಗೆ ಬೀಗ ಹಾಕಿ ಸತ್ತವರ ಮನೆಗೆ ಬಂದು ಕೂರುತ್ತೇವೆ. ಮಣ್ಣು ಮಾಡಿ ಬಂದ ಮೇಲೆ ಮೊದಲು ಆ ಮನೆಯ ಒಲೆ ಹಚ್ಚಿ, ಅಲ್ಲಿಂದ ಒಂದೊಂದು ಕೆಂಡ ತೆಗೆದುಕೊಂಡು ಹೋಗಿ ನಮ್ಮ ಮನೆಯ ಒಲೆಗಳನ್ನು ಹಚ್ಚುತ್ತೇವೆ. ಮತ್ತೊಂದು ವಿಷಯ. ಹೆಣ ನೆಲದ ಮೇಲಿರುವಷ್ಟು ಹೊತ್ತು ಊರಲ್ಲಿ ಯಾರೂ ಯಾರಿಗೂ ಇಲ್ಲ ಎನ್ನುವಂತಿಲ್ಲ. ಜಗಳ ಆಡುವಂತಿಲ್ಲ, ದನಿ ಏರಿಸುವಂತಿಲ್ಲ. ಕೇಳಿದ್ದನ್ನು ಕೊಡಬೇಕು. ಗಡಿಕಲ್ಲಿನ ವ್ಯಾಜ್ಯದಲ್ಲಿ ಮುಖ ನೋಡದ ಅಣ್ಣತಮ್ಮಂದಿರು ಅವತ್ತು ಒಂದೇ ಬೆಂಚಿನ ಮೇಲೆ ಕೂತು ಒಂದೇ ಲೋಟದಲ್ಲಿ ವೈನು ಕುಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾರನೆಯ ದಿನ ಮತ್ತೆ ವ್ಯಾಜ್ಯ ಮುಂದುವರಿಯಿತು, ಅದು ಬೇರೆ ಮಾತು.

ಅಂದು ಬೆಳಗ್ಗೆ ಅಜ್ಜಿಯ ಮನೆಯ ಹೊಸ್ತಿಲಲ್ಲಿ ನಾವೆಲ್ಲ ಸೇರಿದೆವು. ದೆಲ್ಮೀರೊನ ಹೆಂಡತಿ ಅಮಾದೋರಾ ಮೆಲ್ಲಗೆ ಹೇಳಿದಳು:

“ಇದೊಂದು ಸಲ ಒಲೆ ಆರಿಸೋದು ಬೇಡ. ಅವನು ಇವತ್ತೇ ಬಂದ್ರೆ? ಅಜ್ಜಿನೇ ಎದ್ದು ಕೂತ್ರೂ ಬೇಡ ಅಂತಾಳೆ.”

ಎಲ್ಲರೂ ನನ್ನ ಮುಖ ನೋಡಿದರು. ಕಾರ್ಯದರ್ಶಿ ನಾನು ತಾನೇ?

“ಅಜ್ಜಿ ತೊಂಬತ್ತಮೂರು ವರ್ಷದಲ್ಲಿ ಎಷ್ಟು ಸಾವಿಗೆ ತನ್ನ ಒಲೆ ಆರಿಸಿರ್ಬೇಕು? ಅವಳ ಸಾವಿಗೆ ನಾವು ಆರಿಸ್ಲಿಲ್ಲ ಅಂದ್ರೆ ಆಮೇಲೆ ಯಾವ ಮುಖ ಇಟ್ಕೊಂಡು ಬೆಟ್ಟ ನಮ್ದು ಅಂತೀವಿ? ಅದು ‘ನಮ್ದು’ ಆಗಿರೋದೇ ಇದರಿಂದ” ಅಂದೆ.

ದೆಲ್ಮೀರೊ ಬಕೆಟ್ ಎತ್ತಿಕೊಂಡು ತನ್ನ ಮನೆಗೆ ಹೋದ. ಅವನ ಒಲೆ ಮೊದಲು ಆರಿತು. ಅರ್ಧ ಗಂಟೆಯಲ್ಲಿ ಹದಿನೇಳೂ ಆರಿದವು.

ಹತ್ತೂವರೆಗೆ ತಮ್ಮ ಪರಿವೀಕ್ಷಕರು ಬಂದರು. ಐವತ್ತರ ಆಸುಪಾಸಿನವರು, ಒಳ್ಳೆಯ ಬೂಟು, ಮೂಗು ಚಳಿಗೆ ಕೆಂಪಾಗಿತ್ತು. ಬೀದಿಯ ನಡುವೆ ನಿಂತು ಆಕಾಶ ನೋಡುತ್ತಿದ್ದರು. ನಾನೂ ದೆಲ್ಮೀರೊನೂ ಹೊರಗೆ ಹೋದೆವು.

“ಒಂದು ಮನೇಲೂ ಹೊಗೆ ಕಾಣ್ತಿಲ್ಲವಲ್ಲ?”

“ಇವತ್ತು ಯಾರೂ ಒಲೆ ಹಚ್ಚಲ್ಲ ಸ್ವಾಮಿ. ಊರಲ್ಲಿ ಸಾವಾಗಿದೆ. ಎಲ್ಲ ಇದೇ ಮನೇಲಿದ್ದಾರೆ, ಒಳಗೆ ಬನ್ನಿ, ತಲೆ ಎಣಿಸಿ.”

“ನಾನು ತಲೆ ಎಣಿಸೋಕೆ ಬಂದಿಲ್ಲಮ್ಮ, ಮನೆ ಎಣಿಸೋಕೆ ಬಂದಿದ್ದೀನಿ. ಈ ನಮೂನೇಲಿ ಸಾವಿಗೆ ಕಾಲಂ ಇಲ್ಲ.”

“ಹಾಗಾದ್ರೆ ನಾಳೆ ಬನ್ನಿ ಸ್ವಾಮಿ” ಅಂದ ದೆಲ್ಮೀರೊ.

“ನಾಳೆ ಬೇರೆ ಊರಿದೆ. ಅದಿರಲಿ, ಒಂದು ಬಿಸಿ ಕಾಫಿ ಸಿಗುತ್ತಾ? ಕೈ ಮರಗಟ್ಟಿದೆ.”

ಬಿಸಿ ಕಾಫಿಗೆ ಬೆಂಕಿಯಿರಲಿಲ್ಲ. ಕಾಡುಗುಲಾಬಿ ಬಣ್ಣದ ತಣ್ಣನೆಯ ವೈನು, ರೈ ರೊಟ್ಟಿ, ಚೀಸು ತಂದುಕೊಟ್ಟೆ. ಪಾಪ, ನಿಂತುಕೊಂಡೇ ತಿಂದರು. ಬೀಗ ಹಾಕಿದ ಹದಿನಾರು ಮನೆಗಳ ಫೋಟೊ ತೆಗೆದುಕೊಂಡರು. ಆಮೇಲೆ ಹಾಳೆಯ ಕಟ್ಟು ಮುಂದೆ ಹಿಡಿದು, “ಇಲ್ಲೊಂದು ಸಹಿ” ಅಂದರು.

ದೆಲ್ಮೀರೊ ನನ್ನ ತೋಳು ಹಿಡಿದ. “ಓದ್ದೆ ಹಾಕ್ಬೇಡ ಕಣೇ.”

“ಅಜ್ಜಿ ಒಳಗೆ ಮಲಗಿದ್ದಾಳೆ, ಸುಮ್ನಿರು” ಅಂದೆ. ಸಹಿ ಹಾಕಿದೆ. ಆ ದಿನ ಯಾರಿಗೂ ಇಲ್ಲ ಎನ್ನುವಂತಿರಲಿಲ್ಲ, ಮಾನ್ಯರೇ. ತಮ್ಮ ಪರಿವೀಕ್ಷಕರು ನನ್ನ ಹಸು ಕೇಳಿದ್ದರೂ ಬಿಚ್ಚಿ ಕೊಡುತ್ತಿದ್ದೆ. ಅವರು ಬೆಟ್ಟ ಕೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ.

ವರದಿಯ ಪ್ರತಿ ನಮ್ಮ ಕೈಸೇರಿದ್ದು ಮಾರ್ಚಿನಲ್ಲಿ, ಆದೇಶದ ಜೊತೆಗೆ. ‘ಹದಿನಾರು ಮನೆಗಳು ಬೀಗ ಹಾಕಿದ ಸ್ಥಿತಿಯಲ್ಲಿದ್ದು, ಎಲ್ಲಿಯೂ ಹೊಗೆ ಕಂಡುಬರಲಿಲ್ಲ. ತೆರೆದಿದ್ದ ಒಂದೇ ಮನೆಯ ನಿವಾಸಿ ಮೃತಪಟ್ಟಿರುತ್ತಾರೆ. ಒಂದು ಲೋಟ ಕಾಫಿ ಕಾಯಿಸುವಷ್ಟು ಬೆಂಕಿಯೂ ಗ್ರಾಮದಲ್ಲಿ ಇರಲಿಲ್ಲ.’ ನಾಲ್ಕನೆಯ ಪುಟದ ಕೆಳಗೆ, ‘ಮೇಲಿನ ಸಂಗತಿಗಳು ಸತ್ಯ’ ಎಂಬುದರ ಅಡಿಯಲ್ಲಿ, ನನ್ನ ದುಂಡನೆಯ ಅಕ್ಷರ. ಪ್ರತಿಯೊಂದು ವಾಕ್ಯವೂ ನಿಜವೇ. ಒಂದು ಸುಳ್ಳನ್ನೂ ಹೇಳದೆ ಒಂದು ಊರನ್ನು ಅಳಿಸಿಹಾಕಬಹುದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ತಮ್ಮ ಪರಿವೀಕ್ಷಕರು ಕೆಟ್ಟವರೆಂದು ನಾನು ಹೇಳುವುದಿಲ್ಲ. ರೊಟ್ಟಿ ಚೆನ್ನಾಗಿದೆ ಎಂದಿದ್ದರು. ಅದನ್ನು ವರದಿಯಲ್ಲಿ ಬರೆಯಲಿಲ್ಲ.

ತಮ್ಮ ಕಚೇರಿಗೆ ಹೋದೆ. ಮೂರನೆಯ ಕಿಟಕಿಯಲ್ಲಿದ್ದ ಗುಮಾಸ್ತೆ ಕನ್ನಡಕದ ಮೇಲಿಂದ ನೋಡಿದಳು.

“ಸಹಿ ನಿಮ್ದೇ ತಾನೇ?”

“ನಂದೇ.”

“ಯಾರಾದ್ರೂ ಬಲವಂತ ಮಾಡಿದ್ರಾ?”

“ಇಲ್ಲ.”

“ಮತ್ತೆ? ನೀವೇ ಒಪ್ಪಿದ್ಮೇಲೆ ನಾವೇನ್ ಮಾಡೋದು ಹೇಳಿ.”

ಸಾವಿನ ದಿನದ ಪದ್ಧತಿ ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿದಳು, ನನ್ನ ಹಿಂದಿನ ಸಾಲು ಗೊಣಗುತ್ತಿದ್ದರೂ ಕೇಳಿದಳು. “ಇದೆಲ್ಲ ಎಲ್ಲಿ ಬರೆದಿದೆ?” ಅಂದಳು. ಹತ್ತೊಂಬತ್ತು ವರ್ಷದ ಸಭೆಯ ನಡಾವಳಿ ಪುಸ್ತಕಗಳನ್ನು ಚೀಲದಲ್ಲಿ ಹೊತ್ತುಕೊಂಡೇ ಹೋಗಿದ್ದೆ. ಕಾಡುಕುದುರೆಗಳಿಗೆ ಗುರುತು ಹಾಕಿದ ದಿನ, ಕಾಡ್ಗಿಚ್ಚು ತಡೆಯುವ ಬೆಂಕಿಪಟ್ಟೆ ಸವರಲು ಯಾರು ಬಂದರು, ಯಾರು ನೆಪ ಹೇಳಿದರು, ಎಲ್ಲವನ್ನೂ ಬರೆದಿದ್ದೇನೆ. ಸತ್ತರೆ ಒಲೆ ಆರಿಸುತ್ತೇವೆ ಎಂದು ಮಾತ್ರ ಎಲ್ಲೂ ಬರೆದಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರು ಬರೆದಿಡುತ್ತಾರೆ, ಮಾನ್ಯರೇ? ಮಗುವಿಗೆ ಹಾಲೂಡಿಸಬೇಕು ಎಂದು ತಮ್ಮ ಮನೆಯಲ್ಲಿ ಬರೆದು ಅಂಟಿಸಿದ್ದಾರೆಯೇ? ಆದರೂ ತಪ್ಪು ನನ್ನದೇ. ಆ ಕಿಟಕಿಯ ಮುಂದೆ ನಿಂತು ಪುಟ ತಿರುವುತ್ತ ಅತ್ತುಬಿಟ್ಟೆ. ಅವಳು ಪಾಪ, ಟಿಶ್ಯೂ ಕೊಟ್ಟು, ದನಿ ತಗ್ಗಿಸಿ, “ಮರುಪರಿಶೀಲನೆಗೆ ಬರೆದುಕೊಡಿ. ಬಂದ್ರೂ ಬರಬಹುದು. ಯಾವತ್ತು ಅಂತ ಮಾತ್ರ ಕೇಳಬೇಡಿ” ಅಂದಳು.

ಅಂದಿನಿಂದ ನಾವು ಕಾಯುತ್ತಿದ್ದೇವೆ. ಅಜ್ಜಿಯ ಮನೆಗೆ ಅವಳ ಮೊಮ್ಮಗಳು ಬಂದು ನೆಲೆಸಿದ್ದರಿಂದ ಒಲೆಗಳ ಲೆಕ್ಕ ಕೆಡಲಿಲ್ಲ. ಆಗಸ್ಟ್‌ನ ಬಿಸಿಲಲ್ಲೂ ಹದಿನೇಳು ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೊಗೆ. ಗುದ್ರುನ್ ಮಡಕೆ ಮಾಡುವುದನ್ನು ಬಿಟ್ಟು ಒಲೆ ಊದುತ್ತ ಕೂತಳು. ಪೇಟೆಗೆ ಹೋಗಬೇಕಾದವರು ಪಕ್ಕದ ಮನೆಯವರಿಗೆ ಒಲೆ ಒಪ್ಪಿಸಿ ಹೋಗುತ್ತಿದ್ದರು. ರಜೆಗೆ ಬಂದ ನನ್ನ ತಮ್ಮ ಎವರಿಸ್ತೊ ಇದನ್ನೆಲ್ಲ ನೋಡಿ, ತನ್ನ ಮೂರಂತಸ್ತಿನ ಮನೆಯ ಒಲೆಯನ್ನೂ ಹಚ್ಚಿದ. “ಪಟ್ಟೀಲಿ ಸೇರಿಸ್ಬೇಡ ಕಣಕ್ಕ. ಇದು ಲೆಕ್ಕಕ್ಕಲ್ಲ, ಜೊತೆಗೆ” ಅಂದ. ಇಷ್ಟರಲ್ಲಿ ಕ್ವಾರಿಯವರು ಬೆಟ್ಟದ ಸೊಂಟದವರೆಗೆ ರಸ್ತೆ ಕೊರೆದು ಮುಗಿಸಿದ್ದರು. ಸೆಪ್ಟೆಂಬರಿನಿಂದ ನಮ್ಮ ನಲ್ಲಿಯಲ್ಲಿ ನೀರು ಸುಣ್ಣ ಕಲಸಿದ ಹಾಗೆ ಬೆಳ್ಳಗೆ ಬರುತ್ತಿದೆ.

ದೆಲ್ಮೀರೊಗೆ ಎದೆಯ ಕಾಯಿಲೆ ಇತ್ತು. ಹೋರಾಟ ಅವನನ್ನು ಕೊಂದಿತು ಎಂದು ಬರೆದರೆ ಪತ್ರಕ್ಕೆ ಕಳೆ ಬರುತ್ತದೆ, ಆದರೆ ಅದು ನಿಜವಲ್ಲ. ನಲವತ್ತು ವರ್ಷ ಸೇದಿದ ಸಿಗರೇಟು ಕೊಂದಿತು. ಸಾಯುವ ಮುಂಚೆ ಒಂದು ದಿನ ನನ್ನನ್ನು ಕರೆಸಿದ.

“ನಾನು ಹೋದ ದಿನ ಒಲೆ ಆರಿಸ್ಬೇಡಿ.”

“ಬಾಯ್ಮುಚ್ಚು. ಏನೂ ಆಗಲ್ಲ ನಿಂಗೆ.”

“ಹುಚ್ಚಿ, ಅವನು ಬರೋದೇ ಅವತ್ತು. ಹದ್ದಿನ ಜಾತಿ ಕಣೇ ಅದು, ಹೆಣ ಬಿದ್ರೆ ಗೊತ್ತಾಗಿಬಿಡುತ್ತೆ. ಒಬ್ಬೊಬ್ರೂ ಅವರವರ ಮನೇಲೇ ಇರಿ. ಬಾಗಿಲು ತೆಗೆದಿಡಿ.”

“ಇದನ್ನ ನನ್ನ ಕೈಲಿ ಹೇಳಿಸ್ಬೇಡ, ದೆಲ್ಮೀರೊ.”

“ನೀನು ಹೇಳ್ಬೇಕಾಗಿಲ್ಲ. ಅಮಾದೋರಾಗೆ ಹೇಳಿದ್ದೀನಿ.”

ಅಕ್ಟೋಬರ್ ಹದಿನಾಲ್ಕರ ಬೆಳಗ್ಗೆ ಹೋದ. ಅಭ್ಯಾಸ ಬಲದಿಂದ ಎಲ್ಲರೂ ಬಕೆಟ್ಟು ಹಿಡಿದುಕೊಂಡೇ ಅವನ ಮನೆಗೆ ಬಂದೆವು. ಅಮಾದೋರಾ ಒಲೆಯ ಮುಂದೆ ಮಂಡಿಯೂರಿ ಕೂತು ಹಸಿ ಕಡ್ಡಿ ತುರುಕಿ ಊದುತ್ತಿದ್ದಳು. ಕಣ್ಣಲ್ಲಿ ನೀರು. ಹೊಗೆಗೋ, ಗಂಡನಿಗೋ ಕೇಳುವ ಧೈರ್ಯ ಯಾರಿಗಿತ್ತು?

“ನೀರು ಆಚೆ ಚೆಲ್ಲಿ. ನಿಮ್ಮ ನಿಮ್ಮ ಮನೆಗೆ ಹೋಗಿ, ಒಲೆ ನೋಡ್ಕೊಳ್ಳಿ. ಅವನು ಹೇಳಿ ಹೋಗಿದ್ದಾನೆ” ಅಂದಳು.

“ನಾನೊಬ್ಬಳು ಕೂತಿರ್ತೀನಿ, ಅಮಾದೋರಾ.”

“ನೀನು ಮೊದಲು ಹೋಗು, ಬಾಸಿಲಿಸಾ. ಹದಿನಾರು ಆದ್ರೆ ಸಾಕಾಗಲ್ವೋ ಏನೋ, ಯಾರಿಗ್ಗೊತ್ತು ಈಗ.”

ಹತ್ತು ಸಾಕೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ನಿಯಮ ಗೊತ್ತಿದ್ದು ನಮಗೇನು ಬಂತು? ಹೆಣ ನೆಲದ ಮೇಲಿತ್ತು, ಅವಳು ಕೇಳಿದಳು, ನಾನು ಇಲ್ಲ ಎನ್ನುವಂತಿರಲಿಲ್ಲ. ಹೋದೆ. ದಿನವಿಡೀ ನನ್ನ ಒಲೆಯ ಮುಂದೆ ಕೂತು ಸೌದೆ ಹಾಕಿದೆ. ಮಧ್ಯಾಹ್ನ ಅಂಗಳಕ್ಕೆ ಬಂದು ನೋಡಿದೆ. ಹದಿನೇಳು ಮನೆಯ ಬಾಗಿಲೂ ತೆರೆದಿತ್ತು, ಹದಿನೇಳು ಹೊಗೆಯೂ ನೆಟ್ಟಗೆ ಮೇಲೇಳುತ್ತಿತ್ತು. ಫೋಟೊ ತೆಗೆದಿದ್ದರೆ ತಮ್ಮ ನಮೂನೆಗೆ ಹೇಳಿ ಮಾಡಿಸಿದ ಹಾಗಿರುತ್ತಿತ್ತು. ದೆಲ್ಮೀರೊನ ಪಕ್ಕದಲ್ಲಿ ಅಮಾದೋರಾ ಒಬ್ಬಳೇ ಕೂತಿದ್ದಳು. ನಮ್ಮೂರಲ್ಲಿ ಇಂಥದ್ದು ಯಾವ ಕಾಲಕ್ಕೂ ಆಗಿರಲಿಲ್ಲ. ಊರು ಇದೆ ಎಂದು ತೋರಿಸಲು ಊರಾಗಿರುವುದನ್ನೇ ಬಿಟ್ಟೆವು. ತಮ್ಮ ಪರಿವೀಕ್ಷಕರು ಅಂದು ಬರಲಿಲ್ಲ. ಯಾರೂ ಬರಲಿಲ್ಲ.

ಮಾನ್ಯರೇ, ಬೆಟ್ಟ ವಾಪಸು ಕೊಡಿ ಎಂದು ಕೇಳುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ಕೇಳಬೇಕು, ನ್ಯಾಯವಾಗಿ ಕೇಳಬೇಕು, ಕೇಳುವವರು ಕೇಳುತ್ತಲೂ ಇದ್ದಾರೆ. ನಮ್ಮ ವಕೀಲೆ ಇನ್ನೊಂದು ಅರ್ಜಿ ಸಿದ್ಧ ಮಾಡುತ್ತಿದ್ದಾಳೆ. ಗೆಲ್ಲುತ್ತೇವೆಂದು ಅವಳೂ ಹೇಳುತ್ತಿಲ್ಲ, ನಾನೂ ಕೇಳುತ್ತಿಲ್ಲ. ನನ್ನ ಬೇಡಿಕೆ ಇಷ್ಟೇ. ತಮ್ಮ ಕಡತದ ನಾಲ್ಕನೆಯ ಪುಟ ತೆಗೆಯಿರಿ. ನನ್ನ ಸಹಿಯ ಕೆಳಗೆ, ಅಲ್ಲಿ ಜಾಗವಿಲ್ಲದಿದ್ದರೆ ಅಂಚಿನಲ್ಲಿ, ತಮ್ಮ ಕೈಯಾರೆ ಒಂದು ಸಾಲು ಬರೆಯಿರಿ: ‘ಅಂದು ಊರಲ್ಲಿ ಸಾವಾಗಿತ್ತು, ಎಲ್ಲರೂ ಒಂದೇ ಮನೆಯಲ್ಲಿದ್ದರು.’ ಬರೆದು ಒಂದು ಪ್ರತಿ ನಮಗೆ ಕಳಿಸಿ. ನಮ್ಮಲ್ಲಿ ಎಂಬತ್ತು ದಾಟಿದವರು ಆರು ಜನ ಇದ್ದಾರೆ, ಚಳಿಗಾಲ ಶುರುವಾಗಿದೆ. ಮುಂದಿನವರು ಹೋದಾಗ ನಾವು ಒಲೆ ಆರಿಸಿ, ಬೀಗ ಹಾಕಿ, ಅವರ ಹತ್ತಿರ ಹೋಗಿ ಕೂರಬಹುದೋ ಇಲ್ಲವೋ, ಅದನ್ನಾದರೂ ಲಿಖಿತವಾಗಿ ತಿಳಿಸಿ.

ಇಂತಿ,
ನೆರೆಯವನ ಹೆಣ ಅಲ್ಲಿರುವಾಗ ತನ್ನ ಒಲೆ ಕಾಯುತ್ತ ಮನೆಯಲ್ಲೇ ಕೂತವಳು,
ಬಾಸಿಲಿಸಾ ಲಾಮೆಯ್ರೊ
ರೆಗೊಬೆಲ್ಯೊ